ನಮ್ಮ ಕಾಗದಕ್ಕೆ ಬಿದ್ದ ಬೀಗ



ಇದು ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಕೊನೇವರೆಗೂ ಓದಿ. ಲೈಕ್ ಒತ್ತಿ ಮುಂದೆ ಹೋಗೋದಕ್ಕಿಂತ ಕೊನೇಲಿ ಹೇಳಿರೋ ಕೆಲಸ ಮಾಡಿದ್ರೆ ನನಗೆ ಹೆಚ್ಚು ಸಂತೋಷ. ನಮ್ಮ ತಪ್ಪನ್ನ ನಾವೇ ಹೇಳ್ಕೊಳ್ಳೋದು ಕಷ್ಟ. ಆದ್ರೆ ಇದನ್ನ ಮುಚ್ಚಿಟ್ರೆ ಇನ್ನೊಂದು ತಾಲ್ಲೂಕಿನಲ್ಲಿ ಇದೇ ಆಗುತ್ತೆ, ಅದಕ್ಕೇ ಬರೀತಿದ್ದೀನಿ.

2022ರ ಏಪ್ರಿಲ್ 11ರ ರಾತ್ರಿ. ಬಾಬಾಸಾಹೇಬರ ಜಯಂತಿಗೆ ಮೂರೇ ದಿನ ಇತ್ತು. ಕರಪತ್ರ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಮ್ಮ ಸಮಿತಿಗೆ ಅಂತ ಕಚೇರಿ ಇಲ್ಲ, ನಮ್ಮ ಮನೆ ಹಾಲಿನ ಮೂಲೇಲಿರೋ ಹಳೇ ಕಂಪ್ಯೂಟರೇ ಕಚೇರಿ. ಫೋಟೋ ಜೋಡಿಸೋ ಸಾಫ್ಟ್‌ವೇರಿನ ಅವಧಿ ಮುಗಿದಿದೆ, ದುಡ್ಡು ಕಟ್ಟಿ ಅಂತ ಅದು ಕೂತುಬಿಡ್ತು. ಜೊತೆಗಿದ್ದ ಹುಡುಗ, "ಬಿಡಿ ಅಣ್ಣ, ಕ್ರ್ಯಾಕ್ ಹಾಕ್ತೀನಿ" ಅಂದ. ಯಾವುದೋ ವಿಡಿಯೋದ ಕೆಳಗಿದ್ದ ಲಿಂಕಿನಿಂದ ಇಳಿಸಿದ. "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಅದರಲ್ಲೇ ಬರೆದಿತ್ತು. ಮಾಡಿದ್ವಿ. ಕಳ್ಳನೇ ಬಂದು "ನಾಯಿ ಕಟ್ಟಿಹಾಕಿ, ಆಮೇಲೆ ಒಳಗೆ ಬರ್ತೀನಿ" ಅಂದಂಗೆ. ನಾವು ಕಟ್ಟಿಹಾಕಿದ್ವಿ.

ಪರದೆ ಮೇಲೆ ವಿಂಡೋಸ್ ಅಪ್‌ಡೇಟ್ ಆಗ್ತಿದೆ ಅಂತ ಒಂದು ಕಿಟಕಿ ಬಂತು. ಆಗಲಿ ಅಂತ ಟೀ ಕುಡಿಯೋಕೆ ಎದ್ದ್ವಿ. ಅದು ಅಪ್‌ಡೇಟ್ ಆಗಿರಲಿಲ್ಲ. ಒಳಗೆ ನಮ್ಮ ಫೈಲುಗಳಿಗೆ ಒಂದೊಂದಾಗಿ ಬೀಗ ಬೀಳ್ತಿದ್ದಾಗ ನಮ್ಮ ಕಣ್ಣಿಗೆ ಕಟ್ಟಿದ ಪರದೆ ಅದು. ವಾಪಸ್ ಬಂದು ನೋಡಿದ್ರೆ ಎಲ್ಲ ಫೈಲಿನ ಹೆಸರಿನ ಕೊನೇಲೂ ಗೊತ್ತಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದೆ. ಯಾವುದೂ ತೆರೆಯಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ. ಬೀಗದ ಕೈ ಬೇಕಂದ್ರೆ 980 ಡಾಲರ್, 72 ಗಂಟೆ ಒಳಗೆ ಸಂಪರ್ಕ ಮಾಡಿದ್ರೆ ಅರ್ಧ ರಿಯಾಯಿತಿ, 490 ಡಾಲರ್. ಆಗಿನ ಲೆಕ್ಕದಲ್ಲಿ ಮುಕ್ಕಾಲು ಲಕ್ಷ ರೂಪಾಯಿ, ರಿಯಾಯಿತಿ ಕಳೆದು ಮೂವತ್ತೇಳು ಸಾವಿರ. ದರೋಡೆಗೂ ಹಬ್ಬದ ಡಿಸ್ಕೌಂಟು ನೋಡಿ.

ಆ ಡಬ್ಬದ ಒಳಗೆ ಏನಿತ್ತು ಅಂತ ಹೇಳಿದ್ರೆ ನಿಮಗೆ ನನ್ನ ಸಂಕಟ ಗೊತ್ತಾಗುತ್ತೆ. 2008ರಿಂದ ಕೂಡಿಟ್ಟಿದ್ದು. ದೌರ್ಜನ್ಯ ಕೇಸುಗಳ ದೂರು, ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಸುಟ್ಟ ಗುಡಿಸಲಿನ ಫೋಟೋ. ಪಿಟಿಸಿಎಲ್ ಜಮೀನಿನ ಮೂವತ್ತೇಳು ಕುಟುಂಬಗಳ ಸಾಗುವಳಿ ಚೀಟಿ, ಪಹಣಿ, ಮ್ಯುಟೇಶನ್ ಸ್ಕ್ಯಾನು. ಜೀತ ಮಾಡಿದ ಹಿರಿಯರು ತಮ್ಮ ಬಾಯಲ್ಲೇ ಹೇಳಿದ ವಿಡಿಯೋ. ಅವರಲ್ಲಿ ಅರ್ಧಕ್ಕರ್ಧ ಜನ ಈಗ ಇಲ್ಲ.

ನನ್ನ ತಲೆಗೆ ಮೊದಲು ಬಂದಿದ್ದು ಒಂದೇ ಅನುಮಾನ. ಯಾರೋ ಬೇಕಂತಲೇ ಮಾಡಿಸಿದ್ದಾರೆ ಅಂತ. ಹಾಗೆ ಅನ್ನಿಸೋಕೆ ಕಾರಣ ಇದೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿಗೆ ಹೊರಗಿನಿಂದ ನುಗ್ಗಿ ಫೈಲುಗಳನ್ನ ಇಟ್ಟಿದ್ದಾರೆ ಅಂತ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ನಾಗಪುರದ ದಲಿತ ವಕೀಲ ಸುರೇಂದ್ರ ಗಾಡ್ಲಿಂಗ್ ಅವರ ಕಂಪ್ಯೂಟರ್ ಬಗ್ಗೆಯೂ ಅದೇ ವರ್ಷ ಅದೇ ಮಾತು ಹೇಳಿತು. ನಮ್ಮಂಥವರ ಕಂಪ್ಯೂಟರ್ ಮೇಲೆ ಕಣ್ಣಿಡೋರು ಇದ್ದಾರೆ ಅನ್ನೋದು ಕಟ್ಟುಕತೆ ಅಲ್ಲ.

ಆದ್ರೆ ಸತ್ಯ ಹೇಳ್ತೀನಿ. ನಮ್ಮ ಮನೇಲಿ ಆಗಿದ್ದು ಅದಲ್ಲ. ನಮ್ಮ ಹೆಸರೂ ಗೊತ್ತಿಲ್ಲದ, ನಮ್ಮ ಊರೂ ಗೊತ್ತಿಲ್ಲದ ಕಳ್ಳರು ಇವರು. ಈ ಬಗೆಯ ರಾನ್ಸಮ್‌ವೇರಿಗೆ ಸ್ಟಾಪ್ ಅಂತಲೂ ಡಿಜೆವಿಯು ಅಂತಲೂ ಹೆಸರು. ದೊಡ್ಡ ಕಂಪನಿಗಳ ಬೆನ್ನು ಬೀಳೋ ಗುಂಪುಗಳು ಬೇರೆ. ಇದು ಮನೆ ಕಂಪ್ಯೂಟರುಗಳ ಮೇಲೆ ಬೀಳೋದು. ಬರೋ ದಾರಿ ಮುಖ್ಯವಾಗಿ ಒಂದೇ: ಕ್ರ್ಯಾಕ್ ಸಾಫ್ಟ್‌ವೇರು. ದುಡ್ಡು ಕೊಟ್ಟು ಕೊಳ್ಳೋರು ಆ ದಾರೀಲಿ ಹೋಗಲ್ಲ. ಹೋಗೋರು ಯಾರು? ನಮ್ಮ ಹಾಸ್ಟೆಲ್ ಹುಡುಗರು, ಜೆರಾಕ್ಸ್ ಅಂಗಡಿಯವರು, ಸಣ್ಣ ಸ್ಟುಡಿಯೋದವರು, ನಮ್ಮಂಥ ಸಂಘಟನೆಯವರು. ಬಡವರು ನೀರಿಗೆ ಹೋಗೋ ದಾರೀಲೇ ಗುಂಡಿ ತೋಡಿಟ್ಟಿದ್ದಾರೆ. ಹಾಗಾಗಿ "ಕದ್ದ ಮಾಲು ಬಳಸಿದ್ರೆ ಹೀಗೇ ಆಗೋದು" ಅಂತ ಬುದ್ಧಿ ಹೇಳೋಕೆ ಬರೋ ಸಾಹೇಬರಿಗೆ ನನ್ನ ನಮಸ್ಕಾರ. ಬುದ್ಧಿ ಬೇಡ, ಉಚಿತವಾಗಿ ಸಿಗೋ ದಾರಿ ತೋರಿಸಿ.

ಮಾರನೇ ದಿನ ಸಿಪಿಯು ಹೊತ್ಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. "ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕ್ತೀನಿ, ಸಂಜೆ ಬನ್ನಿ" ಅಂದ್ರು. ಫೈಲು? "ಅದೆಲ್ಲ ಹೋಯ್ತು ಅಂದ್ಕೊಳಿ." ಅಲ್ಲಿಂದ ಠಾಣೆಗೆ ಹೋದೆ. ಅಲ್ಲಿದ್ದವರು ನಕ್ಕರು. "ವೈರಸ್ಸಿಗೆಲ್ಲ ಕಂಪ್ಲೇಂಟ್ ಕೊಡ್ತಾರೇನ್ರೀ?" ಅಂದ್ರು. ಜಾತಿ ನಿಂದನೆ ಕೇಸು ಬರ್ಕೊಳ್ಳಿ ಅಂದಾಗ "ರಾಜಿ ಆಗ್ರಿ" ಅನ್ನೋ ದನಿ ಇದೆಯಲ್ಲ, ಅದೇ ದನಿ. ಕಾನೂನು ಹಾಗಿಲ್ಲ. ಐಟಿ ಕಾಯ್ದೆಯ 43 ಮತ್ತು 66ನೇ ಕಲಂ ಪ್ರಕಾರ ಇದು ಅಪರಾಧ, ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ.

ಆ ದಿನ ನಮ್ಮನ್ನ ಉಳಿಸಿದ್ದು ನಮ್ಮ ಕೇರಿಯದೇ ಒಂದು ಹುಡುಗಿ. ಬಿಸಿಎ ಕೊನೇ ವರ್ಷ, ಹಾಸ್ಟೆಲಿನಲ್ಲಿ ಇದ್ದೋಳು, ಜಯಂತಿಗೆ ಅಂತ ಊರಿಗೆ ಬಂದಿದ್ದಳು. ವಿಷಯ ಕೇಳಿ ನೆಟ್ಟಗೆ ಮನೆಗೆ ಬಂದಳು. "ಅಣ್ಣ, ಫಾರ್ಮ್ಯಾಟ್ ಮಾಡ್ಸಿಲ್ಲ ತಾನೆ?" ಅದೇ ಅವಳ ಮೊದಲ ಪ್ರಶ್ನೆ. ಇಲ್ಲ ಕಣವ್ವ ಅಂದೆ. "ಹಂಗಾದ್ರೆ ಏನಾದ್ರೂ ಮಾಡ್ಬೋದು" ಅಂದಳು. ಅವಳು ಮಾಡಿದ್ದನ್ನ ಅದೇ ಕ್ರಮದಲ್ಲಿ ಬರೀತೀನಿ. ಸೇವ್ ಮಾಡಿ ಇಟ್ಕೊಳ್ಳಿ.

ಒಂದು, ನೆಟ್ ಕಿತ್ತಳು. ವೈಫೈ ಆಗಲಿ, ಕೇಬಲ್ ಆಗಲಿ, ಮೊದಲು ತೆಗೀಬೇಕು. ಕಂಪ್ಯೂಟರಿಗೆ ಚುಚ್ಚಿರೋ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಆ ಕ್ಷಣವೇ ಬಿಡಿಸಬೇಕು. ಇಲ್ದಿದ್ರೆ ಅದಕ್ಕೂ ಬೀಗ ಬೀಳುತ್ತೆ.

ಎರಡು, ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿದಳು. ಹಾಗೆ ಮಾಡಿದ್ರೆ ವಿಂಡೋಸ್ ಏಳಲ್ಲ, ಅದರೊಳಗೆ ಕೂತಿರೋ ಕಳ್ಳನೂ ಏಳಲ್ಲ. ಬೀಗ ಬಿದ್ದ ಫೈಲುಗಳನ್ನೆಲ್ಲ, ಆ ಬೆದರಿಕೆ ಚೀಟಿಯ ಸಮೇತ, ಖಾಲಿ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದಳು. ಸಿ ಡ್ರೈವಿನಲ್ಲಿ ಸಿಸ್ಟಮ್‌ಐಡಿ ಅಂತ ಒಂದು ಫೋಲ್ಡರ್ ಹುಟ್ಟಿಕೊಂಡಿರುತ್ತೆ, ನಮ್ಮ ಬೀಗದ ನಂಬರ್ ಅದರಲ್ಲೇ ಇರೋದು. ಅದನ್ನೂ ತೆಗೆದಿಟ್ಟಳು. ಫಾರ್ಮ್ಯಾಟ್ ಮಾಡೋದು ತಪ್ಪಲ್ಲ, ನಕಲು ತೆಗೆಯೋಕೆ ಮುಂಚೆ ಫಾರ್ಮ್ಯಾಟ್ ಮಾಡೋದು ತಪ್ಪು.

ಮೂರು, ತನ್ನ ಫೋನಿನಿಂದ ನನ್ನ ಮೇಲ್, ಫೇಸ್‌ಬುಕ್, ಬ್ಯಾಂಕ್ ಪಾಸ್‌ವರ್ಡೆಲ್ಲ ಬದಲಾಯಿಸಿದಳು. ಈ ರಾನ್ಸಮ್‌ವೇರ್ ಒಬ್ಬೊಂಟಿಯಾಗಿ ಬರಲ್ಲವಂತೆ, ಪಾಸ್‌ವರ್ಡ್ ಕದಿಯೋ ಇನ್ನೊಂದನ್ನೂ ಎಷ್ಟೋ ಸಲ ಜೊತೇಲಿ ಕರ್ಕೊಂಡು ಬರುತ್ತೆ. ನಮ್ಮ ಸಂಘಟನೆಯ ಮೇಲ್ ಬೇರೆಯವರ ಕೈಗೆ ಸಿಕ್ಕಿದ್ರೆ ಯೋಚನೆ ಮಾಡಿ, ದೂರು ಕೊಟ್ಟವರ ಹೆಸರು, ಸಾಕ್ಷಿಗಳ ನಂಬರ್ ಎಲ್ಲ ಅಲ್ಲಿದೆ.

ನಾಲ್ಕು, ಬೀಗ ಯಾವುದು ಅಂತ ಗುರುತು ಹಿಡಿದಳು. 'ಐಡಿ ರಾನ್ಸಮ್‌ವೇರ್' ಅಂತ ಒಂದು ಜಾಲತಾಣ ಇದೆ. ಬೆದರಿಕೆ ಚೀಟಿಯನ್ನೂ ಬೀಗ ಬಿದ್ದ ಒಂದು ಫೈಲನ್ನೂ ಹಾಕಿದ್ರೆ ಯಾವ ಬಗೆ ಅಂತ ಹೇಳುತ್ತೆ. ಗುಟ್ಟಿನ ಫೈಲು ಹಾಕಬೇಡಿ, ಯಾವುದಾದ್ರೂ ಹೂವಿನ ಫೋಟೋ ಹಾಕಿ. 'ನೋ ಮೋರ್ ರಾನ್ಸಮ್' ಅಂತ ಇನ್ನೊಂದಿದೆ. ನೆದರ್ಲೆಂಡ್ಸ್ ಪೊಲೀಸರು, ಯುರೋಪೋಲ್, ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಎಷ್ಟೋ ಬೀಗಗಳಿಗೆ ಕೈ ಅಲ್ಲಿ ಉಚಿತವಾಗಿ ಸಿಗುತ್ತೆ.

ಐದು, ಆಮೇಲೆ ಕಂಪ್ಯೂಟರನ್ನ ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದಳು. ಇದನ್ನ ಬಿಡಬಾರದು. ಇದು ಬೀಗ ಹಾಕಿ ಹೋಗಿಬಿಡೋ ಕಳ್ಳ ಅಲ್ಲ. ಆಗಾಗ ಎದ್ದು ಹೊಸ ಫೈಲಿಗೂ ಬೀಗ ಹಾಕುತ್ತೆ. ಅದು ಒಳಗಿರುವಾಗ ಫೈಲು ಬಿಡಿಸಿಟ್ರೆ ಮತ್ತೆ ಅದೇ ಕತೆ.

ಈಗ ಫಲಿತಾಂಶ ಹೇಳ್ತೀನಿ. ಎಲ್ಲ ಸಿಕ್ತು ಅಂತ ಸುಳ್ಳು ಹೇಳಲ್ಲ.

ಈ ಡಿಜೆವಿಯು ಬೀಗದಲ್ಲಿ ಎರಡು ಬಗೆ. ಬೀಗ ಬೀಳೋ ಹೊತ್ತಿಗೆ ನೆಟ್ ಇಲ್ದಿದ್ರೆ, ಅಥವಾ ಕಳ್ಳರ ಸರ್ವರ್ ಸಿಗದಿದ್ರೆ, ಅದು ತನ್ನ ಜೊತೇಲೇ ತಂದಿರೋ ಒಂದೇ ಬೀಗವನ್ನ ಎಲ್ಲರಿಗೂ ಹಾಕುತ್ತೆ. ಅಂಥವರ ನಂಬರಿನ ಕೊನೇಲಿ ಟಿ1 ಅಂತ ಇರುತ್ತೆ. ಅದಕ್ಕೆ ಇವತ್ತಲ್ಲ ನಾಳೆ ಕೈ ಸಿಗೋ ಆಸೆ ಇದೆ, ಎಮ್ಸಿಸಾಫ್ಟ್ ಅನ್ನೋ ಕಂಪನಿ ಉಚಿತವಾಗಿ ಕೊಡೋ ಸಾಧನದಲ್ಲಿ ಅದು ತೆರೆಯಬಹುದು. ಸರ್ವರ್ ಸಿಕ್ಕಿದ್ರೆ ಮನೆಗೊಂದು ಬೇರೆ ಬೀಗ. ಅದರ ಕೈ ಕಳ್ಳರ ಹತ್ತಿರ ಮಾತ್ರ. ನಮ್ಮ ನಂಬರಿನ ಕೊನೇಲಿ ಟಿ1 ಇರಲಿಲ್ಲ.

ಆದ್ರೆ ಈ ಕಳ್ಳರಿಗೆ ಅವಸರ ಜಾಸ್ತಿ. ಬೇಗ ಮುಗಿಸೋಕೆ ಅಂತ ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕ್ತಾರೆ. ಉಳಿದದ್ದು ಹಾಗೇ ಇರುತ್ತೆ. ನೂರಾರು ಎಂಬಿ ಇರೋ ವಿಡಿಯೋದಲ್ಲಿ 150 ಕೆಬಿ ಅಂದ್ರೆ ಮುದ್ದೆಯ ತಟ್ಟೇಲಿ ಒಂದು ಚಿಟಿಕೆ ಹಿಟ್ಟು. 'ಮೀಡಿಯಾ ರಿಪೇರ್' ಅಂತ ಒಂದು ಉಚಿತ ಸಾಧನ ಇದೆ. ಅದೇ ಫೋನಿನಲ್ಲಿ ತೆಗೆದ ಬೀಗ ಬೀಳದ ಒಂದು ವಿಡಿಯೋ ಮಾದರಿಗೆ ಕೊಟ್ರೆ, ಅದನ್ನ ನೋಡ್ಕೊಂಡು ಕೆಟ್ಟ ತಲೆಭಾಗವನ್ನ ಸರಿ ಮಾಡುತ್ತೆ. ನಮ್ಮ ಜೀತದ ಹಿರಿಯರ ವಿಡಿಯೋ ಹೆಚ್ಚುಕಮ್ಮಿ ಎಲ್ಲ ವಾಪಸ್ ಬಂದವು. ಶುರುವಿನ ಒಂದೆರಡು ಕ್ಷಣ ಇಲ್ಲ, ಅಷ್ಟೇ. ತೀರಿಹೋದ ತಾತನ ದನಿ ಮತ್ತೆ ಕೇಳಿದಾಗ ಆ ಹುಡುಗಿ ಕೀಬೋರ್ಡ್ ಬಿಟ್ಟು ಎದ್ದು ಹೊರಗೆ ಹೋದಳು. ಅವಳ ತಾತನೇ ಅವರು.

ಗುಡಿಸಲು ಸುಟ್ಟ ಫೋಟೋಗಳನ್ನ ಕ್ಯಾಮೆರಾದ ಹಳೇ ಮೆಮೊರಿ ಕಾರ್ಡಿನಿಂದ ತೆಗೆದಳು. ಅಳಿಸಿದ ಫೋಟೋಗಳನ್ನ ಹೆಕ್ಕೋ 'ಫೋಟೋರೆಕ್' ಅನ್ನೋದೂ ಉಚಿತವೇ. ಕೆಲವು ದಾಖಲೆ ವಕೀಲರಿಗೆ ಕಳಿಸಿದ್ದ ಮೇಲಿನಲ್ಲಿ ಸಿಕ್ಕವು, ಕೆಲವು ವಾಟ್ಸಾಪ್ ಗುಂಪಿನಲ್ಲಿ. ಫೇಸ್‌ಬುಕ್ಕಿನಲ್ಲಿ ಹಾಕಿ ಬೈಸಿಕೊಂಡಿದ್ದ ಒಂದು ಹಿಂಬರಹವೂ ಅಲ್ಲೇ ಉಳಿದಿತ್ತು.

ಸಣ್ಣ ಫೈಲುಗಳು ಪೂರ್ತಿ ಹೋದವು. ಒಂದು ಹಾಳೆ ಸ್ಕ್ಯಾನ್ ಮಾಡಿದ್ರೆ 150 ಕೆಬಿಯೂ ಆಗಲ್ಲ. ಸಾಗುವಳಿ ಚೀಟಿ ಅಂದ್ರೆ ಒಂದೇ ಹಾಳೆ.

ನಮ್ಮ ಮೂವತ್ತೇಳು ಕುಟುಂಬಗಳಲ್ಲಿ ಹೆಚ್ಚಿನವರ ಮನೇಲಿ ಮೂಲ ಚೀಟಿ ಇತ್ತು. ಮತ್ತೆ ಸ್ಕ್ಯಾನ್ ಮಾಡಿದ್ವಿ. ಒಬ್ಬ ಅಜ್ಜಿಯ ಮನೇಲಿ ಇರಲಿಲ್ಲ. ಅವರ ಚೀಟಿ ಟ್ರಂಕಿನಲ್ಲಿ ಗೆದ್ದಲು ತಿಂದು ಹೋಗಿತ್ತು. ಅದಕ್ಕೆ ಎರಡು ವರ್ಷ ಮುಂಚೆ ನಾನೇ ಸ್ಕ್ಯಾನ್ ಮಾಡಿದ್ದೆ, "ಇನ್ನೇನು ಭಯ ಇಲ್ಲ ಅಜ್ಜಿ, ಕಂಪ್ಯೂಟರಿನಲ್ಲಿದೆ" ಅಂತ ಹೇಳಿದ್ದೆ. ತಾಲ್ಲೂಕು ಕಚೇರಿಗೆ ಮಂಜೂರಾತಿ ಕಡತದ ನಕಲು ಕೇಳಿದ್ರೆ "ಕಡತ ಲಭ್ಯವಿಲ್ಲ" ಅಂತ ಹಿಂಬರಹ ಕೊಟ್ರು. ಪಿಟಿಸಿಎಲ್ ಕೇಸು ನಡೆಸಿದೋರಿಗೆ ಆ ಎರಡು ಪದದ ಭಾರ ಎಷ್ಟು ಅಂತ ಗೊತ್ತು. ತಡವಾಗಿ ಬಂದ್ರಿ ಅಂತ ಕೇಸು ವಜಾ ಆಗ್ತಿದ್ದ ಕಾಲ ಅದು, 2023ರ ತಿದ್ದುಪಡಿ ಇನ್ನೂ ಬಂದಿರಲಿಲ್ಲ.

ಅಜ್ಜಿಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಚೀಟಿ ಅದರೊಳಗೇ ಐತೆ ಅಂತೀಯ. ತೆಗೆಯಕ್ಕಾಗಲ್ಲ ಅಂತೀಯ. ಗೆದ್ದಲೇ ವಾಸಿ ಕಣ್ಲಾ ಮಗ, ಅದು ತಿಂದ್ ಮೇಲೆ ದುಡ್ ಕೇಳಲ್ಲ."

ಅವತ್ತು ನನಗೆ ದುಡ್ಡು ಕಟ್ಟಿಬಿಡೋಣ ಅನ್ನಿಸಿತ್ತು. ಚಂದಾ ಎತ್ತೋಣ ಅಂತ ಕೆಲವರು ಅಂದ್ರು. ಕಟ್ಟಲಿಲ್ಲ. ಕಟ್ಟಿದ್ರೆ ಕೈ ಕೊಟ್ಟೇ ಕೊಡ್ತಾರೆ ಅಂತ ಯಾವ ಗ್ಯಾರಂಟಿ? ಕೊಟ್ಟ ಪ್ರತಿ ರೂಪಾಯಿಯೂ ಇನ್ನೊಬ್ಬ ಅಜ್ಜಿಯ ಚೀಟಿಗೆ ಬೀಗ ಹಾಕೋಕೆ ಬಂಡವಾಳ. ಜೀತಕ್ಕೆ ಹಾಕಿದ ಬಡ್ಡಿ ತೀರಿಸ್ತಾ ಹೋದ ನಮ್ಮ ಹಿರಿಯರಿಗೆ ಗೊತ್ತಿತ್ತು, ಅಂಥ ಸಾಲ ಕಟ್ಟಿದಷ್ಟೂ ಬೆಳೆಯುತ್ತೆ. ಸರಿಯೋ ತಪ್ಪೋ, ಆ ಅಜ್ಜಿ ಮುಂದೆ ನಿಂತಾಗ ಈಗಲೂ ನನ್ನ ತಲೆ ಎತ್ತೋಕಾಗಲ್ಲ.

ಆ ಬೀಗ ಬಿದ್ದ ಫೈಲನ್ನ ಮಾತ್ರ ಬಿಸಾಕಿಲ್ಲ. ನೀವೂ ಬಿಸಾಕಬೇಡಿ. ಟೆಸ್ಲಾಕ್ರಿಪ್ಟ್ ಅನ್ನೋ ಗುಂಪು 2016ರಲ್ಲಿ ಅಂಗಡಿ ಮುಚ್ಚುವಾಗ ತನ್ನ ಮೂಲ ಬೀಗದ ಕೈಯನ್ನ ಎಲ್ಲರಿಗೂ ಬಿಟ್ಟುಕೊಟ್ಟಿತು. ಶೇಡ್ ಅನ್ನೋ ಗುಂಪು 2020ರಲ್ಲಿ ಏಳೂವರೆ ಲಕ್ಷ ಕೈಗಳನ್ನ ಒಟ್ಟಿಗೇ ಬಿಟ್ಟಿತು. ಎಷ್ಟೋ ವರ್ಷ ಫೈಲು ಕಾಪಾಡಿ ಇಟ್ಟವರಿಗೆ ಸಿಕ್ತು, ಬಿಸಾಕಿದವರಿಗೆ ಇಲ್ಲ.

ಇಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಅಮೆರಿಕದ ಇಲಿನಾಯ್ ರಾಜ್ಯದ ಮೈಕಲ್ ಗಿಲೆಸ್ಪಿ. ಕಂಪ್ಯೂಟರ್ ರಿಪೇರಿ ಅಂಗಡೀಲಿ ಕೆಲಸಕ್ಕಿದ್ದ, ಬಡತನ ಕಂಡ ಮನುಷ್ಯ. ಐಡಿ ರಾನ್ಸಮ್‌ವೇರ್ ಕಟ್ಟಿದ್ದು ಅವರೇ. ಇದೇ ಡಿಜೆವಿಯುನ ಹಳೇ 148 ಬಗೆಗಳಿಗೆ ಬೀಗ ತೆಗೆಯೋ ಸಾಧನವನ್ನ ಎಮ್ಸಿಸಾಫ್ಟ್ ಜೊತೆ ಸೇರಿ 2019ರ ಅಕ್ಟೋಬರಿನಲ್ಲಿ ಬಿಟ್ಟರು. ಒಂದು ಪೈಸೆ ಕೇಳಲಿಲ್ಲ. ಬೀಗ ಹಾಕೋಕೆ ಬರೋ ಅಷ್ಟೇ ವಿದ್ಯೆ ಅವರಿಗೂ ಇತ್ತು. ಅದನ್ನ ಮಾರಿಕೊಳ್ಳದೆ ಹಂಚಿದರು. ವಿದ್ಯೆ ಇರೋರು ಎರಡೇ ಥರ ಅಂತ ನನಗೆ ಅನ್ನಿಸೋದು ಇಂಥವರನ್ನ ನೋಡಿದಾಗ: ಬಚ್ಚಿಡೋರು, ಹಂಚೋರು.

ಈಗ ನಮ್ಮ ಕಡೆಗೆ ಬೆರಳು ತಿರುಗಿಸೋಣ. ನಾವು ಯಾವ ಥರ?

ನಮ್ಮ ಸಮಿತೀಲಿ ಹದಿನಾಲ್ಕು ವರ್ಷದ ಕಾಗದ ಒಂದೇ ಕಂಪ್ಯೂಟರಿನಲ್ಲಿತ್ತು. ಅದು ನನ್ನ ಮನೇಲಿತ್ತು. ಪಾಸ್‌ವರ್ಡ್ ನನಗೆ ಮಾತ್ರ ಗೊತ್ತಿತ್ತು. ಜವಾಬ್ದಾರಿ ಅಂತ ನಾನು ಅಂದ್ಕೊಂಡಿದ್ದೆ, ನೆಟ್ಟಗೆ ನೋಡಿದ್ರೆ ಅದು ಯಜಮಾನಿಕೆ. ಪ್ರತಿ ತಾಲ್ಲೂಕಿನಲ್ಲೂ ಇಂಥ ಒಬ್ಬ ಅಣ್ಣ ಇದ್ದಾನೆ. ಚಳವಳಿಯ ಪೆನ್‌ಡ್ರೈವ್ ಅವನ ಜೇಬಿನಲ್ಲಿ. ಬಣ ಒಡೆದ್ರೆ ಪೆನ್‌ಡ್ರೈವೂ ಅವನ ಜೊತೆ ಹೋಗುತ್ತೆ. ಅವನು ಸತ್ರೆ ಕಾಗದವೂ ಸತ್ತಂಗೆ. ಓದೋ ಹಕ್ಕನ್ನ ಒಬ್ಬರೇ ಇಟ್ಕೊಂಡಿದ್ದರು ಅಂತ ಇಡೀ ಜೀವನ ಭಾಷಣ ಮಾಡಿದೋರು ನಾವು. ಮತ್ತೆ ಆ ಹುಡುಗಿ ನಮ್ಮ ಸಭೆಗಳಿಗೆ ಮೂರು ವರ್ಷದಿಂದ ಬರ್ತಿದ್ದಳು. ನಾವು ಅವಳಿಗೆ ಕೊಟ್ಟ ಕೆಲಸ ಏನು ಗೊತ್ತಾ? ಸ್ವಾಗತ ಗೀತೆ ಹಾಡೋದು, ಹಾರ ಹಿಡ್ಕೊಂಡು ನಿಲ್ಲೋದು.

ಬಾಬಾಸಾಹೇಬರು 1956ರಲ್ಲಿ ತೀರಿಕೊಂಡ ಮೇಲೆ ಅವರ ಅಚ್ಚಾಗದ ಹಸ್ತಪ್ರತಿಗಳು ಎಷ್ಟೋ ವರ್ಷ ಪೆಟ್ಟಿಗೆಗಳಲ್ಲೇ ಬಿದ್ದಿದ್ದವು. ವಸಂತ ಮೂನ್ ಅವರು ಹಠ ಹಿಡಿದು ಸಂಪಾದಿಸಿದ ಬರಹ ಭಾಷಣಗಳ ಮೊದಲ ಸಂಪುಟವನ್ನ ಮಹಾರಾಷ್ಟ್ರ ಸರ್ಕಾರ ತಂದಿದ್ದು 1979ರಲ್ಲಿ. ಇಪ್ಪತ್ಮೂರು ವರ್ಷ ಆದಮೇಲೆ. ಪ್ರಾಚೀನ ಭಾರತದ ಕ್ರಾಂತಿ, ಪ್ರತಿಕ್ರಾಂತಿ ಬಗ್ಗೆ ಅವರು ಬರೆದಿದ್ದು ಅಪೂರ್ಣವಾಗಿಯೇ ಅಚ್ಚಾಯ್ತು. ಅಂಥ ಮಹಾನುಭಾವರ ಕಾಗದಕ್ಕೇ ಈ ಗತಿ ಆಗಿದ್ರೆ ನಮ್ಮ ಅಜ್ಜಿಯ ಚೀಟಿ ಯಾವ ಲೆಕ್ಕ? ನಮ್ಮ ಕಾಗದವನ್ನ ಸರ್ಕಾರ ಕಾಯಲ್ಲ. ನಾವೇ ಕಾಯಬೇಕು, ಒಬ್ಬರಲ್ಲ, ಹಲವರು.

ಹಾಗಾಗಿ ಈ ಭಾನುವಾರ ಮಾಡಬೇಕಾದ ಕೆಲಸ ಇದು.

ಪ್ರತಿ ದಾಖಲೆಗೂ ಮೂರು ನಕಲು ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಗೂಗಲ್ ಡ್ರೈವಿನಲ್ಲಿ. 15 ಜಿಬಿ ಉಚಿತ, ಸಾವಿರಾರು ಹಾಳೆ ಹಿಡಿಸುತ್ತೆ. ಹಾರ್ಡ್‌ಡಿಸ್ಕನ್ನ ನಕಲು ಮಾಡೋವಾಗ ಮಾತ್ರ ಚುಚ್ಚಿ, ಆಮೇಲೆ ಬಿಡಿಸಿ ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟಿರೋದು ಬ್ಯಾಕಪ್ ಅಲ್ಲ. ದೂರುದಾರರ, ಸಾಕ್ಷಿಗಳ ಹೆಸರಿರೋ ಫೈಲನ್ನ ಪಾಸ್‌ವರ್ಡ್ ಹಾಕದೆ ಎಲ್ಲೂ ಏರಿಸಬೇಡಿ. ಪಾಸ್‌ವರ್ಡ್ ಕನಿಷ್ಠ ಮೂವರಿಗೆ ಗೊತ್ತಿರಲಿ, ಅದರಲ್ಲಿ ಒಬ್ಬರಾದ್ರೂ ಹೆಣ್ಣುಮಗಳಾಗಿರಲಿ.

ಕ್ರ್ಯಾಕ್ ಬಿಡಿ. ಕನ್ನಡ ಟೈಪಿಗೆ ನುಡಿ ಉಚಿತ. ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್, ಫೋಟೋಗೆ ಗಿಂಪ್, ಕರಪತ್ರಕ್ಕೆ ಸ್ಕ್ರೈಬಸ್, ಎಲ್ಲ ಉಚಿತ, ಕಾನೂನುಬದ್ಧ. ಆ ವರ್ಷದಿಂದ ನಮ್ಮ ಜಯಂತಿ ಕರಪತ್ರ ಅದರಲ್ಲೇ ಆಗ್ತಿದೆ.

ಬೀಗ ಬಿದ್ರೆ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಹಾಕಿ, ಜಿಲ್ಲೆಯ ಸಿಇಎನ್ ಠಾಣೆಗೂ ಕೊಡಿ. ನಕ್ಕರೆ ನಗಲಿ, ಸ್ವೀಕೃತಿ ತಗೊಳ್ಳದೆ ಬರಬೇಡಿ. ನಾಳೆ ಕೋರ್ಟಿನಲ್ಲಿ ದಾಖಲೆ ಯಾಕೆ ಹಾಜರು ಮಾಡಲಿಲ್ಲ ಅಂತ ಕೇಳಿದ್ರೆ ಉತ್ತರ ಅದೇ. ಇನ್ನೊಂದು, ವಿಡಿಯೋ ತೆಗೆದ ಫೋನು, ಮೆಮೊರಿ ಕಾರ್ಡು ಜೋಪಾನವಾಗಿಡಿ. ಎಲೆಕ್ಟ್ರಾನಿಕ್ ನಕಲನ್ನ ಸಾಕ್ಷ್ಯವಾಗಿ ಕೊಡೋಕೆ ಸರ್ಟಿಫಿಕೇಟ್ ಬೇಕು. ಹಿಂದೆ 65ಬಿ ಅಂತಿದ್ದಿದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ರಿಪೇರಿ ಮಾಡಿದ ಫೈಲನ್ನ ಎದುರು ವಕೀಲರು ಸುಮ್ಮನೆ ಬಿಡಲ್ಲ, ಮೂಲ ಕೈಯಲ್ಲಿರಬೇಕು.

ಆ ಹುಡುಗಿ ಈಗ ನಮ್ಮ ಸಮಿತಿಯ ದಾಖಲೆಗಳ ಸಂಚಾಲಕಿ. ತಿಂಗಳಿಗೊಂದು ಭಾನುವಾರ ಹಾಸ್ಟೆಲ್ ಮಕ್ಕಳಿಗೆ ಬ್ಯಾಕಪ್ ಪಾಠ ಮಾಡ್ತಾಳೆ. ನಿಮ್ಮ ತಾಲ್ಲೂಕಿಗೆ ಬೇಕಿದ್ರೆ ಕಾಮೆಂಟಿನಲ್ಲಿ ಹೇಳಿ, ಬಸ್ ಚಾರ್ಜು, ಊಟ ಕೊಟ್ರೆ ಸಾಕು, ಬರ್ತಾಳೆ. ಹಾರ ಬೇಡವಂತೆ.

ಅಜ್ಜಿಯ ಚೀಟಿ ಇನ್ನೂ ಬೀಗದೊಳಗೇ ಇದೆ. ಕಡತ ಹುಡುಕಿಸೋಕೆ ಮೇಲ್ಮನವಿ ಹಾಕಿದ್ದೀವಿ. ಎರಡರಲ್ಲಿ ಯಾವ ಬೀಗ ಮೊದಲು ತೆರೆಯುತ್ತೋ ನೋಡೋಣ.

ಜೈ ಭೀಮ್.